ಒಂಬತ್ತೂವರೆಯೋ, ಹದಿನಾರೋ? ಮೂಕಿ ಕಾಲದ ಹವ್ಯಾಸಿಗೊಂದು ಕೊಳ್ಳುವ ಕೈಪಿಡಿ

ವರ್ಷ 1928 ಎಂದಿಟ್ಟುಕೊಳ್ಳಿ. ನೀವಿರುವುದು ಪ್ಯಾರಿಸ್ಸಿನಲ್ಲೋ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ. ಸಂಬಳದಲ್ಲಿ ಒಂದಿಷ್ಟು ಉಳಿದಿದೆ, ಭಾನುವಾರ ಬಿಡುವಿದೆ, ಚಿತ್ರಮಂದಿರದಲ್ಲಿ ಕಂಡದ್ದನ್ನು ನಾವೂ ಏಕೆ ಮಾಡಬಾರದು ಎಂಬ ಹುಚ್ಚು ತಲೆಗೇರಿದೆ. ಕ್ಯಾಮೆರಾ ಅಂಗಡಿಯ ಗಾಜಿನಾಚೆ ನಾಲ್ಕೈದು ಪೆಟ್ಟಿಗೆಗಳು ಕುಳಿತಿವೆ. ಒಂದು ಕೋಟಿನ ಜೇಬಿಗೆ ತುರುಕಬಹುದೇನೋ ಎನ್ನುವಷ್ಟು ಚಿಕ್ಕದು, ಇನ್ನೊಂದು ಎರಡೂ ಕೈ ಹಾಕಿ ಎತ್ತಬೇಕಾದಷ್ಟು ಭಾರ. ಯಾವುದನ್ನು ಕೊಳ್ಳುತ್ತೀರಿ?

ಹಳೆಯ ಕ್ಯಾಮೆರಾಗಳ ಗೀಳು ಹತ್ತಿಸಿಕೊಂಡವನಾದ್ದರಿಂದ ಈ ಪ್ರಶ್ನೆಯನ್ನು ನಾನು ಬೇಕಾದಷ್ಟು ಸಲ ತಿರುವಿಹಾಕಿದ್ದೇನೆ. ಒಂದೇ ಮಾತು ಹೇಳಬೇಕೆಂದರೆ, ಕ್ಯಾಮೆರಾ ನೋಡಬೇಡಿ, ಫಿಲಂ ನೋಡಿ. ಕ್ಯಾಮೆರಾಕ್ಕೆ ದುಡ್ಡು ಕೊಡುವುದು ಒಮ್ಮೆ, ಫಿಲಮ್ಮಿಗೆ ಪ್ರತಿ ಭಾನುವಾರ. ಅದರ ಅಗಲ ಎಷ್ಟು, ಒಂದು ನಿಮಿಷಕ್ಕೆ ಎಷ್ಟು ಅಡಿ ಬೇಕು, ಅದನ್ನು ತೊಳೆಯುವವರು ಯಾರು, ಕಡೆಗೆ ತೆರೆಯ ಮೇಲೆ ತೋರಿಸುವುದು ಹೇಗೆ ಎಂಬುದನ್ನು ಕೇಳಿಕೊಂಡರೆ ಅಂಗಡಿಯವನ ಮಾತಿಗೆ ಮರುಳಾಗುವ ಅಪಾಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಚಿತ್ರಮಂದಿರದ ಅಳತೆ: 35 ಮಿ.ಮೀ.

ನಿಜವಾದ ಸಿನಿಮಾ ಎಂದರೆ ಇದೇ ಎನ್ನುವವರಿದ್ದಾರೆ. ಇದರ ಚಿತ್ರದ ಅಂದಕ್ಕೆ ಸಣ್ಣ ಅಳತೆಗಳು ಯಾವುವೂ ಸಾಟಿಯಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿ ನೋಡಿ. ಮೂಕಿ ಕಾಲದ ಹವ್ಯಾಸಿ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ 16 ಫ್ರೇಂ, ಅಂದರೆ 16 ಬಿಡಿ ಚಿತ್ರ, ಹಿಡಿಯುತ್ತದೆ. 35 ಮಿ.ಮೀ. ಫಿಲಮ್ಮಿನ ಒಂದು ಅಡಿಯಲ್ಲಿರುವುದೂ 16 ಫ್ರೇಮುಗಳೇ. ಅಂದರೆ ಸೆಕೆಂಡಿಗೊಂದು ಅಡಿ, ನಿಮಿಷಕ್ಕೆ 60 ಅಡಿ. ನಿಮ್ಮ ಮಗು ಅಂಗಳದಲ್ಲಿ ತಪ್ಪು ಹೆಜ್ಜೆ ಇಡುತ್ತಾ ಬರುವುದನ್ನು ಹಿಡಿಯುವಷ್ಟರಲ್ಲಿ ಒಂದು ಕೋಣೆಯನ್ನು ಸುತ್ತಿಬರುವಷ್ಟು ಫಿಲಂ ಮುಗಿದಿರುತ್ತದೆ.

ದುಡ್ಡಿಗಿಂತ ದೊಡ್ಡ ಸಮಸ್ಯೆ ಬೆಂಕಿ. ಆ ಕಾಲದ 35 ಮಿ.ಮೀ. ಫಿಲಮ್ಮಿನ ತಳಪದರ ಸಾಮಾನ್ಯವಾಗಿ ಸೆಲ್ಯುಲೋಸ್ ನೈಟ್ರೇಟ್. ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತನ್ನೊಳಗಿನಿಂದಲೇ ಪಡೆಯುವ ವಸ್ತು ಅದು. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. 1897ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ದತ್ತಿ ಮೇಳವೊಂದರಲ್ಲಿ ಪ್ರೊಜೆಕ್ಟರಿನ ಈಥರ್ ದೀಪದಿಂದ ಎದ್ದ ಬೆಂಕಿ ನೂರಿಪ್ಪತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಅಲ್ಲಿಂದಾಚೆಗೆ ಮನೆಯೊಳಗೆ ಸಿನಿಮಾ ಎಂದರೆ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ನೋಡುವ ವಸ್ತುವೇ ಇದು ಎಂಬ ಅಳುಕು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ 35 ಯಾರಿಗೆ? ಮನೆಯವರಿಗಲ್ಲದೆ ಊರಿಗೆ ತೋರಿಸಬೇಕು ಎನ್ನುವ ಹಟ ಇರುವವರಿಗೆ. ಅಮೆರಿಕದ ರಾಚೆಸ್ಟರಿನ ವಾಟ್ಸನ್ ಮತ್ತು ವೆಬರ್ ಎಂಬ ಇಬ್ಬರು ಹವ್ಯಾಸಿಗಳು ಎಡ್ಗರ್ ಅಲನ್ ಪೋನ ಕಥೆಯೊಂದನ್ನು ಇದೇ ಅಳತೆಯಲ್ಲಿ ಚಿತ್ರಿಸಿ 1928ರಲ್ಲಿ ಹೊರತಂದರು. ಹದಿಮೂರು ನಿಮಿಷದ ಆ ಚಿತ್ರವನ್ನು ಇವತ್ತಿಗೂ ನೋಡುತ್ತಾರೆ. ಕನ್ನಡದಲ್ಲಿ ಆ ಜಾತಿಯ ಹಟಕ್ಕೆ ಹೆಸರು ಬೇಕೆಂದರೆ ಶಿವರಾಮ ಕಾರಂತರದು ಸಿಗುತ್ತದೆ. ಕಾದಂಬರಿ, ಯಕ್ಷಗಾನ, ವಿಶ್ವಕೋಶಗಳ ನಡುವೆ ಅವರು ಮೂಕಿ ಚಿತ್ರಗಳನ್ನೂ ಮಾಡಿದ್ದರು ಎಂಬುದನ್ನು ಅವರ ಓದುಗರಲ್ಲೇ ಅನೇಕರು ಮರೆತಿದ್ದಾರೆ. ನಿಮ್ಮ ಹಟ ಅಷ್ಟು ದೊಡ್ಡದಲ್ಲವಾದರೆ ಮುಂದಿನ ಗಾಜಿನ ಕಪಾಟಿಗೆ ನಡೆಯಿರಿ.

ಮೂಲೆಯಲ್ಲಿ ಧೂಳು ಹಿಡಿದವು

ಅಂಗಡಿಯವನು ಅಗ್ಗಕ್ಕೆ ಕೊಡುತ್ತೇನೆಂದು ಹಳೆಯ ಕೆಲವು ಯಂತ್ರಗಳನ್ನು ಮುಂದೆ ತಳ್ಳಬಹುದು. 35ರ ಫಿಲಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಹದಿನೇಳೂವರೆ ಮಿಲಿಮೀಟರಿನವು 1898ರಿಂದಲೇ ಬಂದಿದ್ದವು. ಬರ್ಟ್ ಏಕರ್ಸ್ ಎಂಬ ಇಂಗ್ಲೆಂಡಿನವನ ಯಂತ್ರದಲ್ಲಿ ಒಂದೇ ಪೆಟ್ಟಿಗೆ ಕ್ಯಾಮೆರಾವೂ ಹೌದು, ಪ್ರೊಜೆಕ್ಟರೂ ಹೌದು. ಎಡಿಸನ್ ಕಂಪನಿ 1912ರಲ್ಲಿ ಮಾರಿದ ಮನೆ ಪ್ರೊಜೆಕ್ಟರಿನದು ಇನ್ನೂ ವಿಚಿತ್ರ: 22 ಮಿ.ಮೀ. ಅಗಲದ ಫಿಲಂ, ಅದರ ಮೇಲೆ ಮೂರು ಸಾಲು ಪುಟಾಣಿ ಚಿತ್ರಗಳು. ಒಂದು ಸಾಲನ್ನು ಮುಂದಕ್ಕೆ ತಿರುಗಿಸಿ ನೋಡಬೇಕು, ಎರಡನೆಯದನ್ನು ಹಿಂದಕ್ಕೆ, ಮೂರನೆಯದನ್ನು ಮತ್ತೆ ಮುಂದಕ್ಕೆ. ನೀವೇ ಚಿತ್ರ ತೆಗೆಯುತ್ತೇನೆಂದರೆ ಅದಕ್ಕೆ ಕ್ಯಾಮೆರಾವೇ ಇಲ್ಲ.

ಈ ಗುಂಪಿನಲ್ಲಿ ನನಗೆ ಪ್ರೀತಿ ಇರುವುದು ಒಂದರ ಮೇಲೆ ಮಾತ್ರ. ಫ್ರಾನ್ಸಿನ ಪಾಥೆ ಕಂಪನಿಯ 28 ಮಿ.ಮೀ. ಪ್ರೊಜೆಕ್ಟರ್ 'ಕೋಕ್', 1912ರದು. ಕಂಪನಿಯ ಗುರುತು ಹುಂಜ, ಹೆಸರೂ ಅದರದೇ. ಬೆಂಕಿ ಹೊತ್ತದ ಅಸಿಟೇಟ್ ಫಿಲಂ. ಅದರ ಹಿಡಿಕೆ ತಿರುಗಿಸಿದರೆ ಫಿಲಂ ಓಡುವುದಲ್ಲದೆ ಒಳಗಿನ ಡೈನಮೋ ಕೂಡ ತಿರುಗಿ ದೀಪಕ್ಕೆ ವಿದ್ಯುತ್ ಕೊಡುತ್ತದೆ. ಕರೆಂಟಿಲ್ಲದ ಹಳ್ಳಿಮನೆಯಲ್ಲೂ ಸಿನಿಮಾ! ಕೈ ಸೋತು ನಿಧಾನವಾದರೆ ಚಿತ್ರದ ಜೊತೆ ಬೆಳಕೂ ಮಂಕಾಗುತ್ತದೆ. ಮೋಹಕ ಯಂತ್ರ, ನಿಜ. ಆದರೆ 1928ರಲ್ಲಿ ಇದಕ್ಕೆ ಹೊಸ ಫಿಲಂ ಹುಡುಕುವ ಕಷ್ಟಕ್ಕೆ ಬೀಳಬೇಡಿ.

ನಿಜವಾದ ಸ್ಪರ್ಧೆ

ಉಳಿದದ್ದು ಎರಡು: ಪಾಥೆಯ 9.5 ಮಿ.ಮೀ. ಮತ್ತು ಕೊಡಕ್‌ನ 16 ಮಿ.ಮೀ. ಮೊದಲನೆಯದರ ಪ್ರೊಜೆಕ್ಟರ್ 1922ರ ಕ್ರಿಸ್‌ಮಸ್ ಹೊತ್ತಿಗೆ ಬಂತು, ಕ್ಯಾಮೆರಾ ಮರುವರ್ಷ. ಎರಡನೆಯದು ಕ್ಯಾಮೆರಾ ಪ್ರೊಜೆಕ್ಟರ್ ಸಮೇತ 1923ರಲ್ಲಿ ಬಂತು. ಎರಡೂ ಸುಲಭಕ್ಕೆ ಬೆಂಕಿ ಹೊತ್ತದ ಫಿಲಂ. 16 ಎಂಬ ಅಂಕಿಯ ಹಿಂದೆಯೂ ಆ ಭಯವೇ ಇತ್ತೆಂದು ಹೇಳುತ್ತಾರೆ: ಹದಿನೇಳೂವರೆ ಇಟ್ಟಿದ್ದರೆ ಯಾರಾದರೂ ನೈಟ್ರೇಟ್ ಫಿಲಂ ಸೀಳಿ ಮನೆಗಳಿಗೆ ಮಾರುತ್ತಿದ್ದರು, ಹದಿನಾರಕ್ಕೆ ಆ ಕಳ್ಳದಾರಿ ಇಲ್ಲ.

ಮೊದಲು ಕೈಗೆಟಕುವ ಮಾತು. 1923ರಲ್ಲಿ ಕೊಡಕ್ ತನ್ನ ಕ್ಯಾಮೆರಾ, ಮುಕ್ಕಾಲಿ, ಪ್ರೊಜೆಕ್ಟರ್, ತೆರೆ, ಫಿಲಂ ಅಂಟಿಸುವ ಸಾಧನ ಇಷ್ಟನ್ನೂ ಸೇರಿಸಿ ಇಟ್ಟ ಬೆಲೆ 335 ಡಾಲರ್. ಅದೇ ಹೊತ್ತಿಗೆ ಫೋರ್ಡ್ ಕಂಪನಿಯ ಟಿ ಮಾದರಿಯ ಅಗ್ಗದ ಕಾರು ಅದಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಕಾರು ಬಿಟ್ಟು ಕ್ಯಾಮೆರಾ ಕೊಳ್ಳುವ ಗಂಡನ ಮನೆಯಲ್ಲಿ ಆ ಸಂಜೆ ಏನು ನಡೆದಿರಬಹುದು ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ. 1925ರ ನಂತರ ಸ್ಪ್ರಿಂಗಿನಿಂದ ಓಡುವ ಸರಳ ಮಾದರಿಗಳು ಬಂದ ಮೇಲೆ ಹದಿನಾರೂ ಸ್ವಲ್ಪ ಕೆಳಗಿಳಿಯಿತು. ಆದರೂ ಅದು ಉಳ್ಳವರ ಹವ್ಯಾಸವಾಗಿಯೇ ಉಳಿಯಿತು. ಯುರೋಪಿನ ಮಧ್ಯಮ ವರ್ಗದ ಮನೆಗಳಿಗೆ ಸಿನಿಮಾವನ್ನು ತಂದದ್ದು ಪಾಥೆ ಬೇಬಿ ಎಂಬ ಹೆಸರಿನ ಈ ಒಂಬತ್ತೂವರೆ.

ಈಗ ಫಿಲಂ. ಎರಡರಲ್ಲೂ ಅಡಿಗೆ ಸುಮಾರು 40 ಫ್ರೇಂ, ನಿಮಿಷಕ್ಕೆ ಸುಮಾರು 24 ಅಡಿ. ಉದ್ದದಲ್ಲಿ ಎರಡೂ ಒಂದೇ, ಉಳಿತಾಯವೆಲ್ಲ ಅಗಲದಲ್ಲಿ. ಪಾಥೆಯ ಎಂಜಿನಿಯರುಗಳ ಜಾಣತನ ಇರುವುದು ಇಲ್ಲಿ. ಹದಿನಾರರಲ್ಲಿ ಎರಡೂ ಅಂಚಿಗೆ ತೂತುಗಳ ಸಾಲು, ನಡುವೆ 10 ಮಿ.ಮೀ. ಅಗಲದ ಚಿತ್ರ, ಅಂದರೆ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜಾಗ ತೂತುಗಳ ಪಾಲು. ಪಾಥೆಯವರು ಅಂಚಿನ ತೂತುಗಳನ್ನೇ ತೆಗೆದುಹಾಕಿ, ಒಂದು ಫ್ರೇಂ ಮತ್ತು ಇನ್ನೊಂದರ ನಡುವಿನ ಗೆರೆಯಲ್ಲಿ ಒಂದೇ ಒಂದು ತೂತು ಕೊರೆದರು. ಹಾಗಾಗಿ ಒಂಬತ್ತೂವರೆ ಮಿಲಿಮೀಟರಿನಲ್ಲಿ ಎಂಟೂವರೆಯನ್ನು ಚಿತ್ರವೇ ತುಂಬುತ್ತದೆ. ಹದಿನಾರರ ಶೇಕಡಾ 60ರಷ್ಟು ಅಗಲದ ಫಿಲಮ್ಮಿನಲ್ಲಿ ಅದರ ಶೇಕಡಾ 70ಕ್ಕೂ ಮಿಗಿಲಾದ ಚಿತ್ರ ಸಿಗುತ್ತದೆ. ಇಷ್ಟು ಲಾಭದ ವ್ಯಾಪಾರ ಆ ಅಂಗಡಿಯಲ್ಲಿ ಇನ್ನೊಂದಿಲ್ಲ.

ಲಾಭಕ್ಕೆ ತಕ್ಕ ಅಪಾಯವೂ ಇದೆ. ಫಿಲಮ್ಮನ್ನು ಎಳೆಯುವ ಉಗುರು ಒಮ್ಮೆ ಗುರಿ ತಪ್ಪಿತೆಂದರೆ ಹದಿನಾರರಲ್ಲಿ ಅಂಚು ಹರಿಯುತ್ತದೆ, ಚಿತ್ರಕ್ಕೆ ಬಹುಪಾಲು ಏನೂ ಆಗುವುದಿಲ್ಲ. ಒಂಬತ್ತೂವರೆಯಲ್ಲಿ ಅದೇ ಉಗುರು ಚಿತ್ರದ ನಟ್ಟನಡುವೆ ಗೀರು ಎಳೆಯುತ್ತದೆ. ಹಳೆಯ ಪಾಥೆ ಸುರುಳಿಗಳಲ್ಲಿ ಅಜ್ಜಿಯ ಮೂಗಿನ ಮೇಲಿಂದ ಕೆಳಕ್ಕಿಳಿಯುವ ಬಿಳಿ ಗೆರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಕೊರತೆ ಡಬ್ಬಿಯದು. ಪಾಥೆ ಬೇಬಿ ಕ್ಯಾಮೆರಾದ ಡಬ್ಬಿಯಲ್ಲಿ ಹಿಡಿಸುವುದು ಸುಮಾರು 9 ಮೀಟರ್. ಒಂದೂಕಾಲು ನಿಮಿಷದಲ್ಲಿ ಖಾಲಿ. ಕೊಡಕ್‌ನ 100 ಅಡಿ ಸುರುಳಿ ನಾಲ್ಕು ನಿಮಿಷ ಓಡುತ್ತದೆ. ಮದುವೆ ಮೆರವಣಿಗೆ ಚಿತ್ರಿಸುವವನಿಗೆ ಇದು ದೊಡ್ಡ ವ್ಯತ್ಯಾಸ. ಆದರೆ ಡಬ್ಬಿ ಬದಲಾಯಿಸುವುದು ಎಷ್ಟು ಸುಲಭ ಎಂಬುದೂ ಮುಖ್ಯ: ಪಾಥೆಯದು ಮುಚ್ಚಿದ ಡಬ್ಬಿ, ತೆಗೆದು ಇನ್ನೊಂದು ಹಾಕಿದರೆ ಆಯಿತು. ಹದಿನಾರರ ಸುರುಳಿಯನ್ನು ಹಲ್ಲುಚಕ್ರಕ್ಕೆ ಪೋಣಿಸುತ್ತಾ, ನೆರಳು ಹುಡುಕಿಕೊಂಡು ಮರದಡಿ ಕೂರಬೇಕು.

ಪಾಥೆ ಬೇಬಿ ಪ್ರೊಜೆಕ್ಟರನ್ನು ಗೆಳೆಯರೊಬ್ಬರ ಮನೆಯಲ್ಲಿ ಒಮ್ಮೆ ಕೈಯಾರೆ ತಿರುಗಿಸಿದ್ದೇನೆ. ಎರಡು ಗೇಣು ಎತ್ತರದ ಕಪ್ಪು ಯಂತ್ರ. ಹಿಡಿಕೆ ತಿರುಗಿಸಿದಂತೆ ಟಿಕಿಟಿಕಿ ಸದ್ದು. ಒಬ್ಬ ಮೀಸೆಯವನು ಏಣಿ ಹತ್ತುತ್ತಿದ್ದ, ಇದ್ದಕ್ಕಿದ್ದಂತೆ ತೆರೆಯ ಮೇಲೆ ಫ್ರೆಂಚ್ ಅಕ್ಷರಗಳು ಬಂದು ನಿಂತುಬಿಟ್ಟವು. ನಾನು ಹಿಡಿಕೆ ತಿರುಗಿಸುತ್ತಲೇ ಇದ್ದೇನೆ, ಅಕ್ಷರಗಳು ಮಾತ್ರ ಅಲುಗುತ್ತಿಲ್ಲ. ಯಂತ್ರ ಕೆಟ್ಟಿತೆಂದು ಕೈ ಹಿಂದಕ್ಕೆಳೆದೆ. ಗೆಳೆಯರು ನಕ್ಕು, "ತಿರುಗಿಸಿ, ತಿರುಗಿಸಿ, ಅದು ಓದಲು ಸಮಯ ಕೊಡುತ್ತಿದೆ" ಎಂದರು. ಫಿಲಮ್ಮಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅದು ತಗುಲಿದೊಡನೆ ಯಂತ್ರ ಫಿಲಮ್ಮನ್ನು ಎಳೆಯುವುದನ್ನು ಕೆಲವು ಸೆಕೆಂಡು ನಿಲ್ಲಿಸುತ್ತದೆ. ದೀಪ ಮಂದವಾದ್ದರಿಂದ ನಿಂತ ಫ್ರೇಂ ಸುಡುವುದಿಲ್ಲ.

ಇದನ್ನು ಬರೀ ಚಮತ್ಕಾರ ಎಂದುಕೊಳ್ಳಬೇಡಿ, ಇದರಲ್ಲಿ ದುಡ್ಡಿದೆ. ಮೂಕಿ ಚಿತ್ರವೆಂದರೆ ಅಕ್ಷರಫಲಕ ಇರಲೇಬೇಕು: "ಮರುದಿನ ಬೆಳಗ್ಗೆ", "ಅತ್ತೆಯ ಆಗಮನ" ಇತ್ಯಾದಿ. ಹದಿನಾರರಲ್ಲಿ ಐದು ಸೆಕೆಂಡಿನ ಫಲಕಕ್ಕೆ 80 ಫ್ರೇಂ, ಎರಡು ಅಡಿ ಫಿಲಂ ಹೋಗುತ್ತದೆ. ಕಥೆ ಹೇಳಲು ಹತ್ತು ಫಲಕ ಬೇಕಾದರೆ 20 ಅಡಿ, ಎಂದರೆ ಒಂದು ಸುರುಳಿಯ ಐದನೆಯ ಒಂದು ಭಾಗ ಬರೀ ಬರವಣಿಗೆಗೇ ಮುಡಿಪು. ಪಾಥೆಯಲ್ಲಿ ಒಂದೆರಡು ಫ್ರೇಮಿನಲ್ಲೇ ಆ ಕೆಲಸ ಮುಗಿಯುತ್ತದೆ. ಹವ್ಯಾಸಿಗಳು ತಾವೇ ಕಚ್ಚು ಹಾಕಿಕೊಳ್ಳಲು ಪುಟ್ಟ ಸಾಧನವೂ ಸಿಗುತ್ತಿತ್ತು. ಒಂದೇ ಎಚ್ಚರಿಕೆ: ಕಚ್ಚಿನ ವ್ಯವಸ್ಥೆ ಇಲ್ಲದ ಪ್ರೊಜೆಕ್ಟರಿನಲ್ಲಿ ಇಂಥ ಫಿಲಂ ಓಡಿಸಿದರೆ ಅಕ್ಷರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗುತ್ತವೆ.

ಪಕ್ಕದ ಮನೆಯವರನ್ನು ಕರೆದು ತೋರಿಸುವ ಹೊತ್ತಿಗೆ ಮಾತ್ರ ಹದಿನಾರು ಗೆಲ್ಲುತ್ತದೆ. ಪಾಥೆ ಬೇಬಿಯ ಮಂದ ದೀಪಕ್ಕೆ ಗೋಡೆಯ ಮೇಲೆ ಒಂದು ಸಣ್ಣ ತೆರೆ ಸಾಕು, ನಾಲ್ಕು ಮಂದಿ ಒತ್ತಿಕೊಂಡು ಕುಳಿತರೆ ಸರಿ. ಹದಿನಾರರ ಪ್ರೊಜೆಕ್ಟರ್ ಶಾಲೆಯ ಸಭಾಂಗಣವನ್ನೂ ನಿಭಾಯಿಸುತ್ತದೆ. ನಿಮ್ಮದಲ್ಲದ ಚಿತ್ರಗಳನ್ನೂ ನೋಡುವ ಆಸೆಯಿದ್ದರೆ ಇಬ್ಬರೂ ಸೋತವರಲ್ಲ: ಚಿತ್ರಮಂದಿರದ ಚಿತ್ರಗಳ ಮೊಟಕುಗೊಳಿಸಿದ ಪ್ರತಿಗಳನ್ನು ಪಾಥೆ ಪುಟ್ಟ ಡಬ್ಬಿಗಳಲ್ಲಿ ಮಾರುತ್ತಿತ್ತು, ಕೊಡಕ್ ತನ್ನ ಗ್ರಂಥಾಲಯಗಳ ಮೂಲಕ ಬಾಡಿಗೆಗೆ ಕೊಡುತ್ತಿತ್ತು.

ಹಿಡಿಕೆಯೋ, ಸ್ಪ್ರಿಂಗೋ?

ಮೊದಲ ವರ್ಷಗಳ ಕ್ಯಾಮೆರಾಗಳಲ್ಲಿ ಹಿಡಿಕೆ ತಿರುಗಿಸುವುದು ಛಾಯಾಗ್ರಾಹಕನದೇ ಕೆಲಸ. ಸೆಕೆಂಡಿಗೆ ಎರಡು ಸುತ್ತು, ಒಂದೇ ಸಮನೆ. ಮೂಗಿನಲ್ಲಿ ಯಾವುದಾದರೂ ಕವಾಯತಿನ ಹಾಡು ಗುನುಗಿಕೊಳ್ಳುತ್ತಾ ತಿರುಗಿಸುವುದು ಆ ಕಾಲದ ವೃತ್ತಿಪರರೂ ಮಾಡುತ್ತಿದ್ದ ಉಪಾಯ. ತಾಳ ತಪ್ಪಿದರೆ ತೆರೆಯ ಮೇಲೆ ಜನ ಓಡುತ್ತಾರೆ, ಇಲ್ಲವೇ ತೆವಳುತ್ತಾರೆ, ಬೆಳಕೂ ಏರಿಳಿಯುತ್ತದೆ. ಜೊತೆಗೆ ಮುಕ್ಕಾಲಿ ಬೇಕೇ ಬೇಕು, ಏಕೆಂದರೆ ತಿರುಗಿಸುವ ಕೈ ಪೆಟ್ಟಿಗೆಯನ್ನು ಅಲುಗಿಸುತ್ತದೆ.

ಸ್ಪ್ರಿಂಗ್ ಕ್ಯಾಮೆರಾ ಗಡಿಯಾರದಂತೆ. ಕೀಲಿ ಕೊಟ್ಟು, ಗುಂಡಿ ಒತ್ತಿ, ಕೈಯಲ್ಲಿ ಹಿಡಿದೇ ಚಿತ್ರ ತೆಗೆಯಬಹುದು. ಬೆಲ್ ಅಂಡ್ ಹೊವೆಲ್ ಕಂಪನಿಯ ಫಿಲ್ಮೋ 1923ರಲ್ಲೇ ಹೀಗೆ ಬಂದಿತ್ತು. ಎರಡು ಸುರುಳಿ ತುಂಬುವ ಅದರ ಗುಂಡನೆಯ ಒಡಲನ್ನು ಕಂಡರೆ ಇವತ್ತಿಗೂ ಗುರುತು ಸಿಗುತ್ತದೆ. ತೊಂದರೆ ಎಂದರೆ ಸ್ಪ್ರಿಂಗು ಒಂದು ನಿಮಿಷವೂ ಓಡುವುದಿಲ್ಲ. ದೇವರ ತೇರು ಸರಿಯಾಗಿ ಎದುರಿಗೆ ಬಂದಾಗಲೇ ನಿಲ್ಲುತ್ತದೆ.

ಪ್ರವಾಸ, ಮಕ್ಕಳು, ನಾಯಿ, ಓಟ ಇವೆಲ್ಲಕ್ಕೆ ಎರಡು ಮಾತಿಲ್ಲದೆ ಸ್ಪ್ರಿಂಗು. ಆದರೆ ಕೀಟಲೆಯ ಪ್ರಯೋಗಗಳಿಗೆ ಹಿಡಿಕೆಯೇ ಚೆಂದ. ನಿಧಾನ ತಿರುಗಿಸಿದರೆ ಮನೆಯ ಹಿರಿಯರು ತೆರೆಯ ಮೇಲೆ ಹಾಸ್ಯನಟರಂತೆ ಕುಣಿದಾಡುತ್ತಾರೆ. ತಡೆದು ತಡೆದು ಒಂದೊಂದೇ ಫ್ರೇಂ ತೆಗೆದರೆ ಗಿಡ ಕಣ್ಣೆದುರೇ ಬೆಳೆಯುತ್ತದೆ. 1912ರಲ್ಲಿ ಫಾಲ್ಕೆಯವರು ಸಾಲ ಕೊಡುವವರನ್ನು ಒಪ್ಪಿಸಲು ಮಾಡಿ ತೋರಿಸಿದ್ದು ಇಂಥದೇ ಒಂದು ಬಟಾಣಿ ಗಿಡದ ಚಿತ್ರ. ದೊಡ್ಡ ಕಥಾಚಿತ್ರದ ಕನಸಿಗೆ ಬಂಡವಾಳ ಹುಟ್ಟಿಸಿದ್ದು ಕುಂಡದಲ್ಲಿ ಮೊಳೆತ ಒಂದು ಕಾಳು!

ಯಾರು ತೊಳೆಯುತ್ತಾರೆ?

ಹವ್ಯಾಸಿಯ ಸ್ವಭಾವ ಗೊತ್ತಾಗುವುದು ಇಲ್ಲಿ. ಕೊಡಕ್‌ನ ದಾರಿ ಸುಖದ್ದು: 100 ಅಡಿ ಸುರುಳಿಗೆ ಆರಂಭದಲ್ಲಿ ಆರು ಡಾಲರ್, ತೊಳೆಯುವ ಖರ್ಚೂ ಅದರಲ್ಲೇ. ಅಂಚೆಗೆ ಹಾಕಿದರೆ ನೋಡಲು ಸಿದ್ಧವಾಗಿ ಮನೆಗೆ ಬರುತ್ತದೆ. ರಿವರ್ಸಲ್ ಎಂಬ ವಿಧಾನದಲ್ಲಿ ಕ್ಯಾಮೆರಾದೊಳಗೆ ಓಡಿದ ಅದೇ ಫಿಲಮ್ಮನ್ನು ನೆಗೆಟಿವ್‌ನಿಂದ ಪಾಸಿಟಿವ್ ಆಗಿ ತಿರುಗಿಸುತ್ತಾರೆ. ಎರಡನೆಯ ಫಿಲಮ್ಮಿನ ಖರ್ಚಿಲ್ಲ. ಇರುವುದು ಒಂದೇ ಪ್ರತಿ ಎಂಬುದನ್ನು ಮಾತ್ರ ಮರೆಯಬೇಡಿ. ಪ್ರತಿ ಸಲ ತೋರಿಸುವಾಗಲೂ ನೀವು ಮೂಲವನ್ನೇ ಸವೆಸುತ್ತಿರುತ್ತೀರಿ.

ಪಾಥೆ ಬೇಬಿಯ ಫಿಲಮ್ಮನ್ನು ಮನೆಯಲ್ಲೇ ತೊಳೆಯಬಹುದಿತ್ತು. ಅದಕ್ಕೆ ಬೇಕಾದ ಚೌಕಟ್ಟು, ತಟ್ಟೆಗಳ ಜೋಡಿಯನ್ನು ಕಂಪನಿಯೇ ಮಾರುತ್ತಿತ್ತು. ಆಗಿನ ಫಿಲಮ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲವಾದ್ದರಿಂದ ಕೆಂಪು ದೀಪ ಹಾಕಿಕೊಂಡು ಬಚ್ಚಲುಮನೆಯಲ್ಲಿ ಕುಳಿತರೆ ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು. ಅದೇ ಕುರುಡುತನ ಚಿತ್ರದಲ್ಲೂ ಕಾಣುತ್ತದೆ: ನೀಲಿ ಆಕಾಶ ಸುಣ್ಣ ಬಳಿದಂತೆ ಬೆಳ್ಳಗೆ, ಕೆಂಪು ತುಟಿ ಕಪ್ಪಗೆ, ಹಣೆಯ ಕುಂಕುಮ ಮಸಿಯ ಬೊಟ್ಟಿನಂತೆ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲಂ 1928ರ ಹೊತ್ತಿಗೆ ಹದಿನಾರರಲ್ಲೂ ದೊರೆಯತೊಡಗಿತು. ಮುಖಗಳು ಸಹಜವಾಗಿ ಬರಬೇಕೆಂದರೆ ಅದನ್ನು ಹಾಕಿ, ಕೆಂಪು ದೀಪದ ಸುಖ ಬಿಡಿ.

ಅದೇ ವರ್ಷ ಬಂದ ಕೊಡಾಕಲರ್ ಎಂಬ ಬಣ್ಣದ ಫಿಲಮ್ಮಿಗೆ ಸದ್ಯ ಕೈ ಹಾಕಬೇಡಿ. ಜುಲೈ ಕೊನೆಯಲ್ಲಿ ಕೊಡಕ್ ಸ್ಥಾಪಕ ಜಾರ್ಜ್ ಈಸ್ಟ್‌ಮನ್ ಎಡಿಸನ್‌ನನ್ನೂ ಕರೆದು ತನ್ನ ತೋಟದಲ್ಲಿ ಕೂಟ ಏರ್ಪಡಿಸಿ ಅದನ್ನು ಮೆರೆಸಿದ, ನಿಜ. ಆದರೆ ಅದಕ್ಕೆ ದುಬಾರಿ ಲೆನ್ಸು, ಮೂರು ಬಣ್ಣದ ಪಟ್ಟಿಯ ಫಿಲ್ಟರು, ಚೆನ್ನಾದ ಬಿಸಿಲು ಇಷ್ಟೂ ಬೇಕು. ಇಷ್ಟಾಗಿಯೂ ತೆರೆಯ ಮೇಲೆ ಮಂಕು.

ಒಬ್ಬರೇ, ಇಲ್ಲವೇ ಗುಂಪು?

ಮಕ್ಕಳ ಹುಟ್ಟುಹಬ್ಬಕ್ಕೆ ಕ್ಲಬ್ಬು ಬೇಡ. ಕಥೆ ಹೇಳಬೇಕೆಂದರೆ ಬೇಕು. ನಟಿಸುವವರು, ಫಲಕ ಬರೆಯುವವರು, ಬಿಸಿಲಿಗೆ ಬಿಳಿ ಬಟ್ಟೆ ಹಿಡಿದು ಬೆಳಕು ತಿರುಗಿಸುವವರು ಬೇಕಾಗುತ್ತಾರೆ. 1926ರಲ್ಲಿ ಅಮೆರಿಕದ ಹವ್ಯಾಸಿಗಳಿಗಾಗಿ ಅಮೆಚೂರ್ ಸಿನಿಮಾ ಲೀಗ್ ಹುಟ್ಟಿತು, ಅದರದೇ ಪತ್ರಿಕೆಯೂ ಬಂತು. ಅದನ್ನು ಕಟ್ಟಿದ ಹೈರಮ್ ಪರ್ಸಿ ಮ್ಯಾಕ್ಸಿಮ್ ಬಂದೂಕಿನ ಸದ್ದಡಗಿಸುವ ಸಾಧನ ಕಂಡುಹಿಡಿದಾತ. ಸದ್ದಿಲ್ಲದ ಸಿನಿಮಾಕ್ಕೆ ಇದಕ್ಕಿಂತ ಒಪ್ಪುವ ಅಧ್ಯಕ್ಷ ಸಿಗಲಾರ.

ಗುಂಪಿಗೆ ನನ್ನ ಮತ ಹದಿನಾರಕ್ಕೆ. ತುಂಡರಿಸಿ ಅಂಟಿಸುವ ಕೆಲಸ ಅದರಲ್ಲಿ ಸಲೀಸು, ಸಭೆಗೂ ತೋರಿಸಬಹುದು. ಒಬ್ಬರೇ ಇರುವವರಿಗೆ, ಕೈ ಬಿಗಿ ಇರುವವರಿಗೆ, ಬಚ್ಚಲುಮನೆಯಲ್ಲಿ ರಾಸಾಯನಿಕ ಕಲಸುವುದನ್ನು ಇಷ್ಟಪಡುವವರಿಗೆ ಒಂಬತ್ತೂವರೆ. ನನ್ನದೇ ದುಡ್ಡಾಗಿದ್ದರೆ ಪಾಥೆ ಬೇಬಿಯನ್ನೇ ಕೊಳ್ಳುತ್ತಿದ್ದೆ.

ನಾಲ್ಕು ವರ್ಷ ಕಾಯಬಲ್ಲಿರಾದರೆ ಇನ್ನೊಂದು ದಾರಿಯೂ ಇದೆ. 1932ರಲ್ಲಿ ಕೊಡಕ್ 8 ಮಿ.ಮೀ. ತಂದಿತು. 25 ಅಡಿ ಉದ್ದದ ಹದಿನಾರರ ಫಿಲಮ್ಮನ್ನೇ ಹೋಗುವಾಗ ಅರ್ಧ, ಬರುವಾಗ ಅರ್ಧ ಎಂದು ಎರಡು ಸಲ ಓಡಿಸಿ, ತೊಳೆದ ಮೇಲೆ ಸೀಳಿ ಜೋಡಿಸುತ್ತಾರೆ. ಕ್ಯಾಮೆರಾ 29.50 ಡಾಲರ್, ನಾಲ್ಕು ನಿಮಿಷದ ಫಿಲಂ ತೊಳೆಯುವುದೂ ಸೇರಿ 2.25. ಚಿತ್ರದ ಗಾತ್ರ ಮಾತ್ರ ಹದಿನಾರರ ಕಾಲುಭಾಗಕ್ಕಿಂತ ಕಡಿಮೆ. ಆ ಹೊತ್ತಿಗೆ ಚಿತ್ರಮಂದಿರಗಳು ಮಾತನಾಡತೊಡಗಿದ್ದವು. ಮನೆಯ ತೆರೆ ಇನ್ನೂ ಬಹುಕಾಲ ಮೂಕವಾಗಿಯೇ ಇತ್ತು.

ಅಟ್ಟದ ಮೇಲೆ ಡಬ್ಬಿ ಸಿಕ್ಕಿದರೆ

ಇವತ್ತಿನ ಮಾತಿಗೆ ಬಂದರೆ, ಈ ಸಣ್ಣ ಅಳತೆಗಳಲ್ಲಿ ಸುಲಭವಾಗಿ ಹೊಸ ಫಿಲಂ ಸಿಗುವುದು ಹದಿನಾರಕ್ಕೆ. ಕೊಳ್ಳುವ ಮುನ್ನ ಹಳೆಯ ಕ್ಯಾಮೆರಾದ ಹಲ್ಲುಚಕ್ರ ನೋಡಿ: ಎರಡೂ ಬದಿಗೆ ಹಲ್ಲಿದ್ದರೆ ಈಗ ಹೆಚ್ಚಾಗಿ ಬರುವ ಒಂದೇ ಬದಿ ತೂತಿನ ಫಿಲಂ ಅದಕ್ಕೆ ಒಗ್ಗುವುದಿಲ್ಲ.

ಅಜ್ಜನ ಕಾಲದ ಡಬ್ಬಿಯೇ ಸಿಕ್ಕಿದ್ದರೆ ಮೊದಲು ತೂತು ನೋಡಿ. ನಡುವೆ ಒಂದೇ ತೂತಾದರೆ ಬಹುಮಟ್ಟಿಗೆ ಪಾಥೆ, ಎರಡಂಚಿಗೂ ಸಾಲಿದ್ದರೆ ಅಗಲ ಅಳೆಯಿರಿ. 35 ಮಿ.ಮೀ. ಬಂದರೆ ನೈಟ್ರೇಟ್ ಇರಬಹುದು. ಮನೆಯಲ್ಲಿಟ್ಟುಕೊಳ್ಳದೆ ಚಿತ್ರ ಸಂಗ್ರಹಾಲಯದವರನ್ನು ಕೇಳಿ. ಮುಚ್ಚಳ ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ ಅಸಿಟೇಟ್ ಕೊಳೆಯತೊಡಗಿದೆ ಎಂದರ್ಥ. ಏನೇ ಆದರೂ ಹಳೆಯ ಪ್ರೊಜೆಕ್ಟರಿಗೆ ಹಾಕಿ ಓಡಿಸುವ ಆಸೆಗೆ ಬೀಳಬೇಡಿ, ನೇರವಾಗಿ ಸ್ಕ್ಯಾನ್ ಮಾಡಿಸಿ. ಬ್ರಿಟಿಷರ ಕಾಲದ ಭಾರತದಲ್ಲಿ ತೆಗೆದ ಇಂಥ ಮನೆಚಿತ್ರಗಳ ಸಂಗ್ರಹ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿದೆ, ಅಂತರ್ಜಾಲದಲ್ಲೂ ನೋಡಬಹುದು. ಅಂಥ ಚಿತ್ರಗಳಲ್ಲಿ ಕ್ಯಾಮೆರಾ ಹಿಡಿದ ಸಾಹೇಬನ ಹೆಸರು ಸಿಗುತ್ತದೆ; ಮಗುವನ್ನೆತ್ತಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಆಯಾಳದು ಸಾಮಾನ್ಯವಾಗಿ ಸಿಗುವುದಿಲ್ಲ. ಅವಳಿಗೊಂದು ಅಕ್ಷರಫಲಕ ಹಾಕಲು ಎರಡು ಅಡಿ ಫಿಲಂ ಸಾಕಾಗಿತ್ತು.